ಕದಿರಮ್ಮ ಓದಿದ ಕಾಗದ

೩–೧೧–೧೯೫೮, ಸೋಮವಾರ

ಪೆರೇಸಂದ್ರದಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದು ಕಾನುಗಲಪಲ್ಲಿಗೆ ಬಂದೆವು. ಟ್ರಂಕನ್ನು ಇವರೇ ಹೊತ್ತು ತಂದರು. ಶಾಲೆಯ ಜಗಲಿಯ ಮೇಲೆ ಇಳಿಸಿ, "ಇನ್ನೇನಾದ್ರೂ ಬೇಕಾ?" ಎಂದು ಕೇಳಿದರು. ಬೇಡ ಎಂದೆ. "ಹಂಗಾದ್ರೆ ಮೂರು ಗಂಟೆ ಬಸ್ಸು ಹಿಡೀತೀನಿ" ಎಂದರು. ಚಿಕ್ಕಬಳ್ಳಾಪುರಕ್ಕೆ ಹಿಂದಿರುಗುವ ಬಸ್ಸು ಐದಕ್ಕೂ ಇದೆ. ಅದು ಇಬ್ಬರಿಗೂ ಗೊತ್ತಿತ್ತು.

ತರಬೇತಿ ಕೇಂದ್ರದವರು ನನ್ನನ್ನು ನಾಲ್ಕು ತಿಂಗಳ ಪಾಠಾಭ್ಯಾಸಕ್ಕೆ ಇಲ್ಲಿಗೆ ಹಾಕಿದ್ದಾರೆ. ಶಾಲೆ ಎಂದರೆ ಒಂದೇ ಹಜಾರ, ಅದರಲ್ಲೇ ನಾಲ್ಕು ತರಗತಿ. ಹೆಡ್‌ಮಾಸ್ಟರು ವೆಂಕಟರವಣಪ್ಪನವರು ಐವತ್ತು ದಾಟಿದವರು. ಇದುವರೆಗೆ ನಾಲ್ಕನ್ನೂ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಒಂದನೇ ತರಗತಿಯನ್ನು ನನಗೆ ಬಿಟ್ಟುಕೊಟ್ಟರು. "ಇವಕ್ಕೆ ಒಂದಿಷ್ಟು ಓದು ಹಚ್ಚಿಬಿಡಿ ತಾಯಿ, ಪುಣ್ಯ ಬರುತ್ತೆ" ಎಂದರು. ಇಪ್ಪತ್ತಮೂರು ಮಕ್ಕಳು. ಹಾಜರಿ ಕೂಗಿದೆ. ಯಾರು ಯಾವ ಹೆಸರಿಗೆ ಕೈ ಎತ್ತಿದರೋ ನೋಡಲಿಲ್ಲ.

ಕೇಂದ್ರದಲ್ಲಿ ಎರಡು ನೋಟ್ ಪುಸ್ತಕ ಕೊಟ್ಟಿದ್ದಾರೆ. ಒಂದು ಪಾಠಟಿಪ್ಪಣಿಗೆ. ಇನ್ನೊಂದು ಯಾತಕ್ಕೆಂದು ಹೇಳಿಲ್ಲ. ಅದರಲ್ಲಿ ಇದನ್ನು ಬರೆಯುತ್ತಿದ್ದೇನೆ.

೪–೧೧–೧೯೫೮

ಉಳಿದುಕೊಂಡಿರುವುದು ಅಮ್ಮಾಜಮ್ಮನವರ ಮನೆಯಲ್ಲಿ. ಊರಿನ ದೊಡ್ಡ ಮನೆ. ಹಿತ್ತಿಲಲ್ಲಿ ಎರಡು ಎಮ್ಮೆ. ಗಂಡ ತೀರಿಕೊಂಡು ಬಹಳ ವರ್ಷವಾಗಿದೆ, ಜಮೀನೆಲ್ಲ ತಾವೇ ನಿಂತು ಮಾಡಿಸುತ್ತಾರೆ. ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು. ಬಡಿಸುತ್ತಾ ಕೇಳಿದರು.

"ಮಕ್ಕಳೆಷ್ಟಮ್ಮಾ?"

"ಒಂದಿತ್ತು."

"ಏನಾಯ್ತು?"

"ಗಂಟಲುಮಾರಿ. ಹೋದ ಕಾರ್ತೀಕದಲ್ಲಿ."

"ಎಷ್ಟು ವರ್ಷದ್ದು?"

"ಮೂರೂವರೆ."

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಸಾರು ಸಾಕು ಎಂದೆ. ಯಾರಾದರೂ ಅತ್ತರೆ ನನಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ನಮ್ಮತ್ತೆ ನನ್ನನ್ನು ಕಲ್ಲು ಎನ್ನುತ್ತಾರೆ. ಬೇಸರವೇನಿಲ್ಲ. ಕಲ್ಲಿಗೆ ಬೇಸರವಾಗುವುದಿಲ್ಲ.

೭–೧೧–೧೯೫೮

ಪಾಠ: ಅ, ಆ, ಇ. ಚಿತ್ರಪಟ ತೂಗುಹಾಕಿ ಕಡ್ಡಿಯಿಂದ ತೋರಿಸಿದೆ. ಕಡ್ಡಿ ಉದ್ದವಾಗಿದೆ. ಮಕ್ಕಳ ಹತ್ತಿರಕ್ಕೆ ಹೋಗದೆಯೇ ಪಾಠ ಮಾಡಬಹುದು.

೧೨–೧೧–೧೯೫೮

ಬರೆಯುವಂಥದ್ದೇನೂ ಇಲ್ಲ. ಹಾಜರಿ ಹತ್ತೊಂಬತ್ತು.

೧೭–೧೧–೧೯೫೮, ಸೋಮವಾರ

ಮಕ್ಕಳು ಪಾಠ ಓದಿದರು. ಎಷ್ಟು ಚೆನ್ನಾಗಿ ಓದುತ್ತಾರೆಂದು ಆಶ್ಚರ್ಯವಾಗಿ ಕೇಳುತ್ತಾ ಹಿಂದಿನ ಸಾಲಿನವರೆಗೂ ಹೋದೆ. ಅಲ್ಲಿ ಕುಳಿತ ಹುಡುಗಿ ಎಲ್ಲರಿಗಿಂತ ಎತ್ತರದವಳು, ಒಂಬತ್ತು ವರ್ಷವಿರಬೇಕು. ಗಟ್ಟಿಯಾಗಿ, ತಡವರಿಸದೆ ಓದುತ್ತಿದ್ದಳು. ಪುಸ್ತಕ ತಲೆಕೆಳಗಾಗಿತ್ತು.

ನಾನು ಪುಸ್ತಕ ಮುಚ್ಚಿದೆ. ಅವಳು ಓದುತ್ತಲೇ ಇದ್ದಳು.

ಒಬ್ಬೊಬ್ಬರನ್ನೇ ಪರೀಕ್ಷಿಸಿದೆ. ಹದಿನೇಳು ಮಕ್ಕಳಿಗೆ ಒಂದಕ್ಷರವೂ ಗುರುತಿಲ್ಲ. ಎಲ್ಲ ಬಾಯಿಪಾಠ. "ಅರಸ ಅಂದರೆ ಏನು?" ಎಂದು ಕೇಳಿದರೆ ಒಂದು ಮಗು ಯೋಚಿಸಿ, "ಅ ಆದ್ಮೇಲೆ ಬರೋದು" ಎಂದಿತು. ಇವರ ಮನೆಗಳಲ್ಲಿ ಆಡುವುದೆಲ್ಲ ತೆಲುಗು. ಅರಸ ಎಂಬ ಮಾತು ಇವರು ಈ ಹಜಾರದ ಹೊರಗೆ ಕೇಳಿದ್ದೇ ಇಲ್ಲ.

ಹುಡುಗಿಯ ಹೆಸರು ಕದಿರಮ್ಮ. ಒಂದನೇ ತರಗತಿಯಲ್ಲಿ ಇದು ಮೂರನೇ ವರ್ಷ. ಹೆಡ್‌ಮಾಸ್ಟರನ್ನು ಕೇಳಿದೆ. "ಅದಕ್ಕೆ ತಲೇಗೆ ಹತ್ತಲ್ಲ ಬಿಡಿ ತಾಯಿ, ಯಾಕೆ ಸುಮ್ನೆ" ಎಂದು ನಶ್ಯದ ಡಬ್ಬಿ ತೆಗೆದರು.

೨೧–೧೧–೧೯೫೮

ಬಿಡುವಿನ ಹೊತ್ತಿನಲ್ಲಿ ಕದಿರಮ್ಮ ಹೊಂಗೆ ಮರದ ಕೆಳಗೆ ಒಬ್ಬಳೇ ಕುಳಿತು ಲಂಗದ ಗಂಟಿನಿಂದ ಏನೋ ತೆಗೆದು ನೋಡುತ್ತಿದ್ದಳು. ಒಂದು ಕಾರ್ಡು. ಮಡಿಸಿ ಮಡಿಸಿ ನಾಲ್ಕು ಚೂರಾಗುವಂತಿದೆ. ಅಪ್ಪನ ಕಾಗದವಂತೆ. ಅಪ್ಪ ಆವುಲಪ್ಪ, ಘಟ್ಟದ ಕಡೆ ಅಣೆಕಟ್ಟೆ ಕೆಲಸಕ್ಕೆ ಹೋಗಿ ಎರಡು ವರ್ಷವಾಯಿತು. ಅಲ್ಲಿ ಯಾರ ಕೈಯಲ್ಲೋ ಬರೆಸಿ ಕಳಿಸುತ್ತಾನೆ. ಕಾಗದ ಬಂದಾಗ ಹೆಡ್‌ಮಾಸ್ಟರೇ ಓದಿ ಹೇಳುವುದು.

"ಓದಕ್ಕೆ ಬರಲ್ಲ, ಸುಮ್ನೆ ಯಾಕೆ ನೋಡ್ತೀಯ?" ಎಂದೆ.

"ಇದರಾಗೆ ನನ್ನ ಹೆಸರು ಎಲ್ಲೋ ಐತಂತೆ ಟೀಚರಮ್ಮಾ. ಅದೆಲ್ಲೈತೆ ಅಂತ ಹುಡುಕ್ತಿದ್ದೆ."

ನಾನು ತೋರಿಸಬಹುದಿತ್ತು. ಗಂಟೆ ಹೊಡೆಯಿತು, ಒಳಗೆ ಹೋದೆ.

೨೪–೧೧–೧೯೫೮, ಸೋಮವಾರ

ಕೇಂದ್ರದಲ್ಲಿ ಮೂರು ಪದ್ಧತಿ ಹೇಳಿಕೊಟ್ಟಿದ್ದಾರೆ. ಅಕ್ಷರ ಪದ್ಧತಿ, ಪದ ಪದ್ಧತಿ, ವಾಕ್ಯ ಪದ್ಧತಿ. ಮೂರರ ಗುಣದೋಷಗಳನ್ನೂ ಪರೀಕ್ಷೆಯಲ್ಲಿ ಬರೆದು ಅರವತ್ತೆಂಟು ಅಂಕ ತೆಗೆದುಕೊಂಡಿದ್ದೇನೆ. ತನಗೆ ಅರ್ಥವಾಗದ ಮಾತನ್ನು ಮಗು ಯಾಕೆ ಓದಬೇಕು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಈ ದಿನ ಕದಿರಮ್ಮನನ್ನು ಕೇಳಿದೆ, "ನಿನಗೆ ಯಾವ ಮಾತು ಓದಬೇಕು ಅಂತ ಆಸೆ?"

"ನಾಯನ" ಎಂದಳು. ತೆಲುಗಿನಲ್ಲಿ ಅಪ್ಪ.

ಬೋರ್ಡಿನ ಮೇಲೆ ಬರೆದೆ. ನಾಯನ. ಬರೆದ ಮೇಲೆ ನೋಡಿದರೆ ಕಲಿಯಬೇಕಾದದ್ದು ಎರಡೇ ಅಕ್ಷರ. ನ, ಯ. ನ ಒಂದು ಸಲ ದೀರ್ಘವಾಗಿದೆ ಅಷ್ಟೇ. ಅವಳು ಬಂದು ಬೋರ್ಡಿನ ಮೇಲೆ ಬೆರಳಿಟ್ಟು ನಾ, ಯ, ನ ಎಂದು ಮೂರು ಸಲ ಅಂದಳು. ನಾಲ್ಕನೇ ಸಲ ಬೆರಳು ತೆಗೆದು ಒಟ್ಟಿಗೆ ಅಂದಳು. ಅಂದು, ಬೋರ್ಡಿನ ಹಿಂದೆ ಏನಾದರೂ ಇದೆಯೇ ಎಂಬಂತೆ ಬಗ್ಗಿ ನೋಡಿದಳು.

೨೬–೧೧–೧೯೫೮

ಮೇಕ. ಆವು, ಅಂದರೆ ಹಸು. ಪಲಕ, ಅಂದರೆ ಸ್ಲೇಟು. ಅಮ್ಮ ಬೇಡ, ಒತ್ತಕ್ಷರ ಇದೆ. ಆಮೇಲೆ.

ಮೇಕ ಓದಿದವರಿಗೆ ಒಂದು ಏತ್ವ ಸೇರಿಸಿ ಮೇಕೆ ತೋರಿಸಿದೆ. "ಕನ್ನಡದ ಮೇಕೆ" ಎಂದು ನಕ್ಕರು. ಹಿಂದಿನ ಸಾಲಿನ ಎರಡು ಮಕ್ಕಳು ಮೇಕೆಯಂತೆ ಕೂಗಿದರು. ಗದರಿಸಬೇಕಿತ್ತು, ಮರೆತೆ.

೨–೧೨–೧೯೫೮, ಮಂಗಳವಾರ

ಹೆಡ್‌ಮಾಸ್ಟರು ಕರೆದರು. "ಬೋರ್ಡಿನ ಮೇಲೆ ತೆಲುಗು ಬರೀತಿದೀರಂತೆ?"

"ಅಕ್ಷರ ಕನ್ನಡದ್ದೇ ಸಾರ್."

"ಮಾತು? ರಾಜ್ಯ ಆಗಿ ಇನ್ನೂ ಎರಡು ವರ್ಷ ಆಗಿದೆ. ಗಡಿ ಊರು ಇದು. ಮೇಲ್ವಿಚಾರಕರು ನೋಡಿದ್ರೆ ನಿಮ್ಮ ಸರ್ಟಿಫಿಕೇಟಿಗೇ ಕುತ್ತು. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ." ಒಂದು ಚಿಟಿಕೆ ನಶ್ಯ ಏರಿಸಿ ಅಂದರು, "ಆ ಕದಿರಮ್ಮನ ಮೇಲೆ ಅಷ್ಟೊಂದು ಹೊತ್ತು ಕಳೀಬೇಡಿ. ಚಿಕ್ಕಮಕ್ಕಳನ್ನ ನೋಡಿ."

ಆಗಲಿ ಸಾರ್ ಎಂದೆ. ಮಧ್ಯಾಹ್ನ ಕದಿರಮ್ಮನಿಗೆ ರ, ಗ, ದ ಹೇಳಿಕೊಟ್ಟೆ.

೧೧–೧೨–೧೯೫೮

ಇವರಿಂದ ಕಾಗದ. ಕ್ಷೇಮವಂತೆ. ಅತ್ತೆಗೆ ಮಂಡಿನೋವಂತೆ. ಇನ್ನೇನೂ ಇಲ್ಲ. ಉತ್ತರ ಬರೆಯಬೇಕು.

೧೯–೧೨–೧೯೫೮, ಶುಕ್ರವಾರ

ಮೇಲ್ವಿಚಾರಕರು ಬಂದಿದ್ದರು. ಹಿಂದೆ ಕುರ್ಚಿ ಹಾಕಿಕೊಂಡು ಮುಕ್ಕಾಲು ಗಂಟೆ ನನ್ನ ಪಾಠ ನೋಡಿದರು. ಹದಿಮೂರು ಮಕ್ಕಳು ಬೋರ್ಡಿನ ಮೇಲೆ ಬರೆದದ್ದನ್ನು ನಿಜವಾಗಿ ಓದಿದರು. ಮುನಿಗಂಗಪ್ಪ ಅಂತ ಒಂದು ಸಣ್ಣದು, ಮೂಗು ಸದಾ ಸೋರುತ್ತಿರುತ್ತದೆ, ಅದೂ ಎರಡು ಪದ ಓದಿತು. ಅವರು ಪುಸ್ತಕದಲ್ಲಿ ಬರೆದರು: ಪಾಠ ನಿಗದಿತ ಕ್ರಮದಲ್ಲಿಲ್ಲ. ಚಿತ್ರಪಟ ಬಳಸಿಲ್ಲ. ಗ್ರಾಮ್ಯ ಪದಗಳ ಬಳಕೆ. ಹತ್ತಕ್ಕೆ ನಾಲ್ಕು.

"ಮಕ್ಕಳು ಓದಿದರಲ್ಲ ಸಾರ್" ಎಂದೆ.

"ಪದ್ಧತಿ ಎಲ್ಲಮ್ಮಾ?" ಎಂದರು.

"ಪದ್ಧತಿ ಇದ್ದಾಗ ಪುಸ್ತಕ ತಲೆಕೆಳಗೆ ಇಟ್ಟುಕೊಂಡು ಓದುತ್ತಿದ್ದರು ಸಾರ್" ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿದರು. ಹಾಗೆ ಯಾಕೆ ಅಂದೆನೋ. ಅನ್ನದಿದ್ದರೆ ಐದಾದರೂ ಕೊಡುತ್ತಿದ್ದರು.

೫–೧–೧೯೫೯, ಸೋಮವಾರ

ರಜಕ್ಕೆ ಚಿಕ್ಕಬಳ್ಳಾಪುರಕ್ಕೆ ಹೋಗಿಬಂದೆ. ಮನೆಯಲ್ಲಿ ಎಲ್ಲ ಹಾಗೇ ಇದೆ. ಇವರು ಆಫೀಸಿನಿಂದ ಬಂದು ಪೇಪರು ಓದಿದರು. ನಾನು ಅಕ್ಕಿ ಆರಿಸಿದೆ. ಬರುವಾಗ ಬಸ್ಸು ಬೇಗ ಪೆರೇಸಂದ್ರ ಸೇರಲಿ ಎನ್ನಿಸಿತು. ಸೀಟು ಕಿತ್ತುಹೋಗಿ ಕುಳಿತುಕೊಳ್ಳಲು ಕಷ್ಟವಾಗಿತ್ತು.

೯–೧–೧೯೫೯, ಶುಕ್ರವಾರ

ಕದಿರಮ್ಮನ ಮನೆಗೆ ಹೊಸ ಕಾರ್ಡು ಬಂದಿದೆ. ಹೆಡ್‌ಮಾಸ್ಟರು ನಿನ್ನೆ ಓದಿ ಹೇಳಿದ್ದಾರೆ: ಕ್ಷೇಮ, ಕೆಲಸ ಜಾಸ್ತಿ, ಸಂಕ್ರಾಂತಿಗೆ ಬರುವುದಿಲ್ಲ, ಉಗಾದಿಗೆ ನೋಡೋಣ. ಅವಳು ಅದನ್ನು ತಂದು ನನ್ನ ಮೇಜಿನ ಮೇಲಿಟ್ಟು, ನಾನು ಕೇಳದೆಯೇ ಓದಲು ಶುರುಮಾಡಿದಳು. ಒತ್ತಕ್ಷರ ಬಂದ ಕಡೆ ದಾಟಿಕೊಂಡು ಮುಂದೆ ಹೋದಳು, ಹರಿಯುವ ಕಾಲುವೆ ದಾಟಿದ ಹಾಗೆ. ಕೆಲವನ್ನು ನಾನು ಹೇಳಿದೆ. "ಕದಿರ" ಬಂದ ಕಡೆ ನಿಂತಳು. ಅದರ ಮೇಲೆ ಬೆರಳಿಟ್ಟಳು. ಸುಮಾರು ಹೊತ್ತು ತೆಗೆಯಲಿಲ್ಲ.

ಆಮೇಲೆ ಕೇಳಿದಳು, "ನಮ್ಮ ನಾಯನೂ ಇದೇ ಸ್ಕೂಲಾಗೆ ಓದಿದ್ರಾ ಟೀಚರಮ್ಮಾ?"

"ಇಲ್ಲ ಅನ್ನಿಸುತ್ತೆ. ಬೇರೆಯವರ ಕೈಲಿ ಬರೆಸ್ತಾರೆ ಅಂದೆಯಲ್ಲ. ಯಾಕೆ?"

"ಬರೆಯೋರಿಗೂ ದೊಡ್ಡ ಮೇಷ್ಟ್ರೇ ಕಲಿಸವ್ರೇನೋ. ನೋಡಿ, 'ಯ'ಗೆ ಬಾಲ ಐತೆ. ದೊಡ್ಡ ಮೇಷ್ಟ್ರು 'ಯ' ಹಂಗೇ."

ಬೋರ್ಡಿನ ಮೂಲೆಯಲ್ಲಿ ಹೆಡ್‌ಮಾಸ್ಟರು ದಿನವೂ ವಾರ, ತಾರೀಕು, ವಿಷಯ ಬರೆಯುತ್ತಾರೆ. ಅಲ್ಲಿ 'ವಿಷಯ'ದ ಯ ನೋಡಿದೆ. ಅದಕ್ಕೂ ಬಾಲವಿತ್ತು. ಕಾರ್ಡನ್ನು ತಿರುಗಿಸಿ ಅಂಚೆಯ ಮುದ್ರೆ ನೋಡಿದೆ. ಚಿಕ್ಕಬಳ್ಳಾಪುರದ್ದು.

"ಜೋಪಾನವಾಗಿ ಇಟ್ಕೊ" ಎಂದು ಕಾರ್ಡು ವಾಪಸು ಕೊಟ್ಟೆ.

೧೦–೧–೧೯೫೯, ಶನಿವಾರ

ಅರ್ಧ ದಿನದ ಶಾಲೆ. ಮಕ್ಕಳು ಹೋದ ಮೇಲೆ ಹೆಡ್‌ಮಾಸ್ಟರು ಬೀರುವಿಗೆ ಬೀಗ ಹಾಕುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಹೇಳಿದೆ, "ಯ ಅಕ್ಷರಕ್ಕೆ ಬಾಲ ಹಾಕುವವರು ನೀವೊಬ್ಬರೇ ಸಾರ್."

ಅವರಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಬೆಂಚಿನ ಮೇಲೆ ಕುಳಿತರು. ಮಕ್ಕಳ ಬೆಂಚು, ಮಂಡಿ ಎದೆಗೆ ತಗಲುತ್ತಿತ್ತು.

"ಯಾರು ನೋಡಿದ್ದು?"

"ಕದಿರಮ್ಮ."

ಬೀಗದ ಕೈಯನ್ನು ತಿರುವುತ್ತಾ ಕುಳಿತು, ಕೊನೆಗೆ ಹೇಳಿದರು. ಹೋದ ಬೇಸಿಗೆಗೆ ಹಿಂದಿನ ಬೇಸಿಗೆಯಲ್ಲಿ ಕಂಟ್ರಾಕ್ಟರ ಆಫೀಸಿನಿಂದ ಕಾಗದ ಬಂತು. ಬಂಡೆ ಸಿಡಿಸುವಾಗ ಆವುಲಪ್ಪ ಸತ್ತುಹೋಗಿದ್ದ. ಹೆಂಡತಿ ಗಂಗುಲಮ್ಮನಿಗೆ ಆಗ ದಿನ ತುಂಬಿತ್ತು.

"ಹೆರಿಗೆ ಆಗೋವರೆಗೂ ಹೇಳ್ಬೇಡಿ ಮೇಷ್ಟ್ರೇ, ಎರಡು ಜೀವ ಅಂದ್ರು ಅಮ್ಮಾಜಮ್ಮ. ಸರಿ ಅಂದೆ. ಹೆರಿಗೆ ಆಯ್ತು. ಬಾಣಂತನ ಮುಗೀಲಿ ಅಂದ್ರು. ಮುಗೀತು. ಆಮೇಲೆ ಮಗೂಗೆ ಬೇಧಿ. ಆಮೇಲೆ ರಾಗಿ ಕೊಯ್ಲು. ಒಂದಿನ ದಾರೀಲಿ ಅಡ್ಡ ಬಂದು, 'ಮೇಷ್ಟ್ರೇ, ಆಯಪ್ಪಂದು ಕಾಗದ ಏನಾದ್ರೂ ಬಂತಾ?' ಅಂದ್ಲು. ಬಂತಮ್ಮಾ ಅಂದ್ಬಿಟ್ಟೆ. ಬಂತು ಅಂದ್ಮೇಲೆ ತೋರಿಸ್ಬೇಕಲ್ಲ."

"ಎಷ್ಟು ಬರೆದಿರಿ?"

"ಏಳು." ನಂತರ ಅಂದರು, "ಅವಳ ಮುಖ ನೀವು ನೋಡಿಲ್ಲ ತಾಯಿ, ಓದಿ ಹೇಳೋವಾಗ."

"ಅದಕ್ಕೇನಾ ಕದಿರಮ್ಮನ್ನ ಮೂರು ವರ್ಷ ಒಂದನೇ ತರಗತೀಲಿ ಇಟ್ಟಿದ್ದು?"

ಬೀಗದ ಕೈಯನ್ನು ಬೆಂಚಿನ ಮೇಲಿಟ್ಟರು. "ಗೊತ್ತಿಲ್ಲ ತಾಯಿ. ಬೇಕಂತ ಮಾಡಿಲ್ಲ ಅಂದ್ಕೊಂಡಿದ್ದೆ. ನೀವು ಕೇಳಿದ ಮೇಲೆ ಗೊತ್ತಾಗ್ತಿಲ್ಲ."

"ನೀವು ಹೇಳದಿದ್ದರೆ ನಾನು ಹೇಳ್ತೀನಿ" ಎಂದೆ. ಗಟ್ಟಿಯಾಗಿಯೇ ಅಂದಿರಬೇಕು, ಹೊರಗೆ ಕಾಗೆ ಹಾರಿತು. ಮನೆಗೆ ಬಂದವಳು ಕಂಬಳಿ ಹೊದ್ದು ಕುಳಿತೆ. ಈ ವರ್ಷ ಚಳಿ ಜಾಸ್ತಿ.

೧೧–೧–೧೯೫೯, ಭಾನುವಾರ

ಅಮ್ಮಾಜಮ್ಮನವರು ನಾನು ಒಲೆಯ ಮುಂದೆ ಕುಳಿತಾಗ ಹತ್ತಿರ ಬಂದರು. ಹೆಡ್‌ಮಾಸ್ಟರು ಬಂದು ಎಲ್ಲ ಹೇಳಿಹೋಗಿದ್ದರು. "ನಡೀತಾ ಇತ್ತು, ನಡೀಲಿ ಬಿಡಮ್ಮಾ. ಕುಂಕುಮ ಇಟ್ಕೊಂಡು ಓಡಾಡ್ತಾವಳೆ. ನೀನು ಅಳಿಸಿ ಏನು ಕಟ್ಕೊತೀಯ?"

ನಾನು ಹೇಳಿದೆ. ಯಾರಿಗೂ ಹೇಳಿರಲಿಲ್ಲ, ಅವರಿಗೆ ಯಾಕೆ ಹೇಳಿದೆನೋ.

ಆಸ್ಪತ್ರೆಯಲ್ಲಿ ಮೂರನೇ ದಿನ ಬೆಳಿಗ್ಗೆ ಇವರು ನನಗೆ, "ಮಗು ಮಲಗೈತೆ, ಉಸಿರು ಸಲೀಸಾಗೈತೆ, ನೀನು ಮನೆಗೆ ಹೋಗಿ ಸ್ನಾನ ಮಾಡಿ ಬಾ" ಎಂದರು. ಹೋದೆ. ನೀರು ಕಾಯಿಸಿ ಸ್ನಾನ ಮಾಡಿದೆ. ತಲೆ ಬಾಚಿದೆ. ಗಂಜಿ ಕಾಸಿ ಡಬ್ಬಿಗೆ ಹಾಕಿಕೊಂಡು ಬಂದೆ. ಹಾಸಿಗೆ ಮಡಚಿಟ್ಟಿತ್ತು. ಅಂಟುರೋಗ, ತಾಯಿ ನೋಡಿದರೆ ಬಿಡುವುದಿಲ್ಲ ಎಂದು ಮಾವ, ಇವರು ಎಲ್ಲ ಸೇರಿ ಆಗಲೇ ಮಣ್ಣು ಮಾಡಿಯಾಗಿತ್ತು. ನನ್ನನ್ನು ಕಳಿಸುವಾಗಲೇ ಮಗು ಇರಲಿಲ್ಲ. ನಾನು ತಲೆ ಬಾಚುತ್ತಿದ್ದಾಗ ಅಲ್ಲಿ ಗುಂಡಿ ತೋಡುತ್ತಿದ್ದರು.

"ಒಳ್ಳೇದಕ್ಕೇ ಮಾಡಿದರು" ಎಂದೆ ಅಮ್ಮಾಜಮ್ಮನವರಿಗೆ. "ಎಲ್ಲರೂ ಒಳ್ಳೇದಕ್ಕೇ ಮಾಡ್ತಾರೆ."

ಅವರು ಒಲೆಯಿಂದ ಪಾತ್ರೆ ಇಳಿಸಿದರು. ಸಾರು ತಳ ಹತ್ತಿತ್ತು.

೧೨–೧–೧೯೫೯, ಸೋಮವಾರ

ಇದನ್ನು ಪೂರ್ತಿ ಬರೆಯಬೇಕು.

ಶಾಲೆ ಮುಗಿದ ಮೇಲೆ ಮೂವರೂ ಗಂಗುಲಮ್ಮನ ಮನೆಗೆ ಹೋದೆವು. ಹೆಡ್‌ಮಾಸ್ಟರು ಬೀರುವಿನಿಂದ ಕಂಟ್ರಾಕ್ಟರ ಆಫೀಸಿನ ಕಾಗದ ತೆಗೆದು ನನ್ನ ಕೈಗೆ ಕೊಟ್ಟಿದ್ದರು. "ನನ್ನ ಕೈಲಾಗಲ್ಲ, ನೀವೇ ಓದಿ" ಎಂದಿದ್ದರು. ಅಮ್ಮಾಜಮ್ಮನವರು ಸೆರಗು ಹೊದ್ದು ಹಿಂದೆ ಬಂದರು.

ಗಂಗುಲಮ್ಮ ಅಂಗಳದಲ್ಲಿ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದಳು. ಒಂದೂವರೆ ವರ್ಷದ ಕೂಸು ಸೊಪ್ಪಿನ ರಾಶಿಯ ಮೇಲೆ ಕುಳಿತಿತ್ತು. ನಮ್ಮನ್ನು ನೋಡಿ ಗಾಬರಿಯಿಂದ ಚಾಪೆ ಹಾಸಿದಳು. "ದೊಡ್ಡ ಮೇಷ್ಟ್ರು, ಅಮ್ಮಾಜಮ್ಮನೋರು, ಎಲ್ಲ ಒಟ್ಟಿಗೇ ಬಂದವ್ರೆ" ಎಂದು ನಕ್ಕಳು. ನನ್ನ ಕೈಯಲ್ಲಿದ್ದ ಕಾಗದ ನೋಡಿದಳು. "ಆಯಪ್ಪಂದಾ?"

"ಆಯಪ್ಪನ ವಿಷಯ" ಎಂದೆ.

ಕದಿರಮ್ಮ ಒಳಗಿಂದ ಓಡಿಬಂದಳು. "ನಾನು ಓದ್ತೀನಿ."

"ಓದಲಿ ಟೀಚರಮ್ಮಾ" ಎಂದಳು ಗಂಗುಲಮ್ಮ. "ಮೂರು ವರ್ಷ ಸ್ಕೂಲಿಗೆ ಹೋದ್ರೂ ಏನೂ ಬರಲ್ಲ ಅಂತಿದ್ರು. ನೀವು ಬಂದ್ಮೇಲೆ ಗೋಡೆ ಮೇಲಿರೋದೆಲ್ಲ ಓದ್ತಾಳೆ. ನಮ್ಮ ಪಾಪ ಓದಲಿ, ಒಂದ್ಸಲ ನಾನೂ ಕೇಳ್ತೀನಿ."

ಕದಿರಮ್ಮ ನನ್ನ ಕೈಯಿಂದ ಕಾಗದ ತೆಗೆದುಕೊಂಡಳು. ನಾನು ಬಿಡಬಾರದಿತ್ತು. ಬೆರಳು ಹಿಡಿದುಕೊಳ್ಳಲಿಲ್ಲ. ಹೆಡ್‌ಮಾಸ್ಟರು "ಬೇಡಮ್ಮಾ" ಎಂದರು, ಅದು ಅವರಿಗೇ ಕೇಳಿಸಿತೋ ಇಲ್ಲವೋ.

ಅವಳು ಓದಿದಳು. ಬೆರಳಿಟ್ಟು, ಒಂದೊಂದೇ ಅಕ್ಷರ. "ನಿ... ಊ-ರಿ-ನ... ಆ-ವು-ಲ... ರ-ವ-ರು..." ಒತ್ತಕ್ಷರಗಳನ್ನು ಬಿಟ್ಟಳು. ನಾನು ಹೇಳಿಕೊಡಲಿಲ್ಲ. ಪ್ರತಿ ಪದ ಮುಗಿದಾಗಲೂ ಗಂಗುಲಮ್ಮ ತಲೆಯಾಡಿಸುತ್ತಿದ್ದಳು. ಕೂಸು ಸೊಪ್ಪು ಹರಿಯುತ್ತಿತ್ತು. ನಂತರದ ಪದ ಉದ್ದವಾಗಿತ್ತು. ಅದರಲ್ಲಿ ಒಂದೂ ಒತ್ತಕ್ಷರವಿಲ್ಲ. ನಾನು ಕಲಿಸಿದ ಅಕ್ಷರಗಳೇ ಎಲ್ಲ. ಕದಿರಮ್ಮ ಎಲ್ಲೂ ನಿಲ್ಲಲಿಲ್ಲ.

"ದೈ-ವಾ-ಧೀ-ನ-ರಾ-ದ-ರು."

ಮತ್ತೆ ಒಟ್ಟಿಗೆ ಅಂದಳು, "ದೈವಾಧೀನರಾದರು." ಸರಿಯಾಗಿ ಓದಿದ ಖುಷಿಯಲ್ಲಿ ನನ್ನ ಮುಖ ನೋಡಿದಳು. "ಅಂಟೇ ಏಮಿ ಟೀಚರಮ್ಮಾ?"

ಹಾಗಂದರೇನು ಎಂದು ಕೇಳಿದಳು. ಓದುವುದನ್ನು ನಾನೇ ಕಲಿಸಿದ್ದು. ಅರ್ಥ ತಿಳಿಯದ್ದನ್ನು ಕೇಳಬೇಕು ಎಂದೂ ನಾನೇ ಹೇಳಿದ್ದು.

ಗಂಗುಲಮ್ಮ ಹೆಡ್‌ಮಾಸ್ಟರ ಮುಖ ನೋಡುತ್ತಿದ್ದಳು. ಅವಳಿಗೆ ಆ ಮುಖ ಓದಲು ಬಂತು. ಕೈಯಲ್ಲಿದ್ದ ಸೊಪ್ಪು ಬಿತ್ತು.

ನಾನು ಕದಿರಮ್ಮನ ಭುಜ ಹಿಡಿದು ಅವಳ ಮಾತಿನಲ್ಲೇ ಹೇಳಿದೆ, "ಚನಿಪೋಯಿನಾರು ಪಾಪಾ. ನಿಮ್ಮ ನಾಯನ ಇಲ್ಲ."

ಗಂಗುಲಮ್ಮನ ಕೂಗಿಗೆ ಬೀದಿಯವರೆಲ್ಲ ಬಂದರು. ಅಮ್ಮಾಜಮ್ಮನವರು ಅವಳನ್ನು ಅವುಚಿಕೊಂಡರು. ಎಷ್ಟೋ ಹೊತ್ತಿನ ಮೇಲೆ ಅವಳು ಹೆಡ್‌ಮಾಸ್ಟರನ್ನು ಒಂದೇ ಮಾತು ಕೇಳಿದಳು. "ಕಾರ್ಡಲ್ಲಿ ಕೂಸಿಗೆ ಮುತ್ತು ಅಂತ ಬರೀತಿದ್ರಲ್ಲ ಮೇಷ್ಟ್ರೇ, ಅದೂ ನೀವೇನಾ?"

"ಹೂನಮ್ಮಾ."

ಅವಳು ಅವರಿಗೆ ಬೆನ್ನು ಮಾಡಿ ಕುಳಿತಳು.

ಕದಿರಮ್ಮ ಅಳಲಿಲ್ಲ. ಕಾಗದವನ್ನು ಮಡಿಸಿ ನನ್ನ ಕೈಗೆ ಕೊಟ್ಟು ಕೂಸನ್ನು ಎತ್ತಿಕೊಂಡಳು.

೧೪–೧–೧೯೫೯

ಸಂಕ್ರಾಂತಿ. ಅಮ್ಮಾಜಮ್ಮನವರು ಎಳ್ಳು ಬೀರಲಿಲ್ಲ.

೨೦–೧–೧೯೫೯, ಮಂಗಳವಾರ

ಕದಿರಮ್ಮ ಶಾಲೆಗೆ ಬಂದಿಲ್ಲ. ಹಾಜರಿ ಕೂಗುವಾಗ ಅವಳ ಹೆಸರು ಕೂಗಿ ನಿಲ್ಲುತ್ತೇನೆ. ಮುನಿಗಂಗಪ್ಪ ದಿನವೂ "ಬಂದಿಲ್ಲಾ ಟೀಚರಮ್ಮಾ" ಎನ್ನುತ್ತಾನೆ. ಅವನ ಮೂಗು ಒರೆಸಿದೆ.

ಓದು ಬಾರದಿದ್ದರೆ ಅವಳು ಇನ್ನೂ ಹೊಂಗೆ ಮರದ ಕೆಳಗೆ ಕಾರ್ಡು ಹಿಡಿದು ತನ್ನ ಹೆಸರು ಹುಡುಕುತ್ತಿದ್ದಳು. ಇದನ್ನು ದಿನವಿಡೀ ಯೋಚಿಸಿದೆ. ಪದ್ಧತಿಗಳ ಗುಣದೋಷಗಳಲ್ಲಿ ಇದು ಬರುವುದಿಲ್ಲ.

ಹೆಡ್‌ಮಾಸ್ಟರು ಬೋರ್ಡಿನ ಮೇಲೆ ತಾರೀಕು ಬರೆಯುವುದನ್ನು ನಿಲ್ಲಿಸಿದ್ದಾರೆ. ನಾನು ಬರೆಯುತ್ತೇನೆ.

೨೮–೧–೧೯೫೯

ಕದಿರಮ್ಮ ಬಂದಳು. ನೇರ ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಬರೆಯೋದು ಕಲಿಸಿ."

"ಕಲಿಸ್ತಿದ್ದೀನಲ್ಲ."

"ಅದಲ್ಲ, ಕಾಗದ. ಆ ಆಫೀಸಿಗೆ. ನಾಯನ್ನ ಎಲ್ಲಿ ಮಣ್ಣು ಮಾಡಿದ್ರು ಅಂತ ಅಮ್ಮ ಕೇಳ್ತಾಳೆ. ಯಾರೂ ಹೇಳಲ್ಲ. ದೊಡ್ಡ ಮೇಷ್ಟ್ರ ಕೈಲಿ ಬರೆಸಬೇಡ ಅಂದ್ಲು. ನೀನೇ ಬರಿ ಅಂದ್ಲು."

ಸ್ಲೇಟು ತರಿಸಿದೆ. "ಎಲ್ಲಿ", "ಮಣ್ಣು". ಎರಡರಲ್ಲೂ ಒತ್ತಕ್ಷರ. ಇದುವರೆಗೆ ನಾವು ದಾಟಿಕೊಂಡೇ ಬಂದಿದ್ದೆವು. ಮೊದಲು ಮೇಲಿನದು ಬರೆ, ಅದರ ಕಾಲ ಬಳಿ ಇನ್ನೊಂದು ಎಂದು ಹೇಳಿದೆ. ಅವಳ ಕೈ ಹಿಡಿದು ಬರೆಸಿದೆ. ಮಣ್ಣು. ಅಳಿಸಿ ಮತ್ತೆ ಬರೆಸಿದೆ. ಮಣ್ಣು. ನಾಲ್ಕನೆಯ ಸಲ ಬರೆಸುವಾಗ ಸ್ಲೇಟಿನ ಮೇಲೆ ನೀರು ಬಿತ್ತು, ಅಕ್ಷರ ಕಲೆಸಿಹೋಯಿತು. ಕದಿರಮ್ಮ ಲಂಗದಿಂದ ಸ್ಲೇಟು ಒರೆಸಿ, "ಇನ್ನೊಂದ್ಸಲ ಟೀಚರಮ್ಮಾ" ಎಂದಳು.

೬–೨–೧೯೫೯, ಶುಕ್ರವಾರ

ಕಾಗದ ಬರೆದು ಮುಗಿಯಿತು. ಒಂಬತ್ತು ದಿನ ಹಿಡಿಯಿತು. ಮೂರೇ ಸಾಲು. ತಪ್ಪು ತಿದ್ದಲಿಲ್ಲ, ಅರ್ಥವಾಗುತ್ತದೆ. ಗಂಗುಲಮ್ಮ ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿದಳು. "ಎಲ್ಲಿ ಅಂತ ಬರೆದಿರೋದು ಯಾವುದು?" ಎಂದು ಕೇಳಿದಳು. ಕದಿರಮ್ಮ ತೋರಿಸಿದಳು. ಗಂಗುಲಮ್ಮ ಅದರ ಮೇಲೆ ಬೆರಳಿಟ್ಟಳು. ಪೆರೇಸಂದ್ರಕ್ಕೆ ನಾನೂ ಅವರ ಜೊತೆ ನಡೆದು ಹೋಗಿ ಡಬ್ಬಿಗೆ ಹಾಕಿಸಿ ಬಂದೆ.

ಬರುವಾಗ ಹೊಲದ ಬದುವಿನಲ್ಲಿ ಕದಿರಮ್ಮ ಹಸಿ ಅವರೆಕಾಯಿ ಕಿತ್ತು ಕೊಟ್ಟಳು. ಮೂವರೂ ತಿಂದೆವು. ಸೊಗಡು ಚೆನ್ನಾಗಿತ್ತು.

೧೮–೨–೧೯೫೯

ಊರವರು ಕಾಗದ ಓದಿಸಲು ಹೆಡ್‌ಮಾಸ್ಟರ ಹತ್ತಿರ ಹೋಗುವುದನ್ನು ಬಿಟ್ಟಿದ್ದಾರೆ. ಕದಿರಮ್ಮನ ಹತ್ತಿರ ಬರುತ್ತಾರೆ. ಬಿಡುವಿನಲ್ಲಿ ಹೊಂಗೆ ಮರದ ಕೆಳಗೆ ಇಬ್ಬರು ಮೂವರು ಕಾದು ಕುಳಿತಿರುತ್ತಾರೆ. ನಿಧಾನವಾಗಿ ಓದುತ್ತಾಳೆ, ಇದ್ದದ್ದನ್ನು ಇದ್ದ ಹಾಗೆ. ಹೆಡ್‌ಮಾಸ್ಟರು ಕಿಟಕಿಯಿಂದ ನೋಡುತ್ತಿದ್ದರು. "ಎರಡನೇ ತರಗತಿಗೆ ಹಾಕ್ತೀನಿ ತಾಯಿ" ಎಂದರು.

"ಮೂರಕ್ಕೆ ಹಾಕಿ ಸಾರ್" ಎಂದೆ. ಹಾಕಿದರು.

೨೮–೨–೧೯೫೯, ಶನಿವಾರ

ಕೊನೆಯ ದಿನ. ಹತ್ತೊಂಬತ್ತು ಮಕ್ಕಳಿಗೆ ಓದು ಹತ್ತಿದೆ. ಆಂಜನೇಯ, ಪುಟ್ಟಿ, ದೊಡ್ಡಕ್ಕ, ಇವರಿಗೆ ಇನ್ನೂ ಇಲ್ಲ. ಮುನಿಗಂಗಪ್ಪನಿಗೆ ರ ಮತ್ತು ಠ ಗಲಿಬಿಲಿ. ಹೆಡ್‌ಮಾಸ್ಟರಿಗೆ ಪಟ್ಟಿ ಬರೆದುಕೊಟ್ಟೆ, ಯಾರಿಗೆ ಯಾವ ಮಾತಿನಿಂದ ಶುರುಮಾಡಬೇಕೆಂದು. ಅವರು ಮಡಿಸಿ ಜೇಬಿನಲ್ಲಿಟ್ಟುಕೊಂಡರು.

ಅಣೆಕಟ್ಟೆಯ ಆಫೀಸಿನಿಂದ ಉತ್ತರ ಬಂದಿಲ್ಲ. "ಬಂದ್ರೆ ನಾನೇ ಓದ್ತೀನಿ, ನೀವು ಯೋಚ್ನೆ ಮಾಡ್ಬೇಡಿ" ಎಂದಳು ಕದಿರಮ್ಮ.

ಇವರು ಟ್ರಂಕು ಒಯ್ಯಲು ಬಂದಿದ್ದರು. ಮಧ್ಯಾಹ್ನದ ಬಸ್ಸು ತಪ್ಪಿತು, ಐದು ಗಂಟೆಯದಕ್ಕೆ ಬಂದೆವು.

೮–೩–೧೯೫೯, ಭಾನುವಾರ, ಚಿಕ್ಕಬಳ್ಳಾಪುರ

ಬೆಳಿಗ್ಗೆ ಕಾಫಿ ಕೊಡುವಾಗ ಇವರನ್ನು ಕೇಳಿದೆ. "ಮಗೂನ ಎಲ್ಲಿ ಮಣ್ಣು ಮಾಡಿದ್ರಿ?"

ಲೋಟ ಕೆಳಗಿಟ್ಟರು. ಹದಿನಾರು ತಿಂಗಳಿಂದ ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಎದ್ದು ಚಪ್ಪಲಿ ಮೆಟ್ಟಿದರು. ನಾನು ಚೊಂಬಿನಲ್ಲಿ ನೀರು ತೆಗೆದುಕೊಂಡೆ.

ಕೆರೆ ಏರಿಯ ಆಚೆ, ಕಳ್ಳಿಸಾಲಿನ ಪಕ್ಕದ ಬಯಲು. ಬಿಸಿಲು ಆಗಲೇ ಏರಿತ್ತು. ಇವರು ಒಂದು ಕಡೆ ನಿಂತರು, ಇನ್ನೊಂದು ಕಡೆ ಹೋದರು, ಮತ್ತೆ ಮೊದಲಿನ ಜಾಗಕ್ಕೇ ಬಂದರು. "ಅವತ್ತು ತಲೆ ಹತ್ರ ಒಂದು ಕಲ್ಲಿಟ್ಟಿದ್ದೆ. ದನ ಕಾಯೋರು ಎತ್ತಿ ಎಸೆದವ್ರೆ. ಹಬ್ಬದ ದಿನ ಎಲ್ಲ ಬರ್ತಿದ್ದೆ. ಈಗ ಎರಡು ಮೂರು ತಿಂಗಳಿಂದ ಬಂದಿಲ್ಲ."

ಹತ್ತಿರ ಹತ್ತಿರ ಎರಡು ಸಣ್ಣ ದಿಬ್ಬ ಇದ್ದವು. ಎರಡೂ ಒಂದೇ ಅಳತೆ.

"ಇದೋ, ಅದೋ. ಗೊತ್ತಾಗ್ತಿಲ್ಲ ಕಣೇ" ಎಂದರು. ಅಲ್ಲೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟರು. ಟವಲ್ಲು ಮುಖಕ್ಕೆ ಒತ್ತಿಕೊಂಡು ಅತ್ತರು. "ನಿನ್ನ ಕಳಿಸಬಾರದಿತ್ತು. ನಿನಗೆ ತೋರಿಸಬೇಕಿತ್ತು." ಅವರ ಬೆನ್ನಿನ ಮೇಲೆ ಕೈ ಇಟ್ಟೆ. ಅಂಗಿ ಬೆವರಿ ಒದ್ದೆಯಾಗಿತ್ತು.

ಆಮೇಲೆ ಚೊಂಬಿನ ನೀರನ್ನು ಎರಡಕ್ಕೂ ಸಮನಾಗಿ ಹಾಕಿದೆ. ಇನ್ನೊಂದು ಯಾರ ಮಗುವೋ. ಅದಕ್ಕೂ ಬಾಯಾರಿರುತ್ತದೆ.